ನಡುಗುವ ಮರಿಗಳು

ಮರಿಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಹುಟ್ಟಿದ ಹತ್ತೂ ಮರಿಗಳು ಚಳಿಜ್ವರ ಬಂದವರ ಹಾಗೆ ತಲೆಯಿಂದ ಬಾಲದವರೆಗೆ ಗಡಗಡ ನಡುಗುತ್ತಿದ್ದವು. ಮೊಲೆಯ ಹತ್ತಿರ ಮೂತಿ ಒಯ್ದರೆ ನಡುಕಕ್ಕೆ ಗುರಿ ತಪ್ಪಿಹೋಗುತ್ತಿತ್ತು. ತಾಯಿ ಹಂದಿ ಹಾಲು ತುಂಬಿಕೊಂಡು ಮಲಗಿ ಗುರುಗುಟ್ಟುತ್ತ ಕರೆಯುತ್ತಲೇ ಇತ್ತು.

ಕೊಟ್ಟಿಗೆಯ ಒಡತಿ ಮೊಣಕಾಲೂರಿ ಕೂತಿದ್ದಳು. ಹೊಲಿಗೆ ಕಾರ್ಖಾನೆ ಮುಚ್ಚಿದ ಮೇಲೆ, ಮನೆಯವರೆಲ್ಲ ಬೇಡವೆಂದರೂ ಹಟ ಹಿಡಿದು ತಂದ ಹಂದಿ. ಇದು ಅದರ ಚೊಚ್ಚಲ ಹೆರಿಗೆ. ಗಂಡ ಲಾರಿಯೊಂದಿಗೆ ದೂರದ ದಾರಿಯಲ್ಲಿದ್ದ.

ದನದ ಡಾಕ್ಟರು ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಹೊಟ್ಟೇಲಿದ್ದಾಗಲೇ ವೈರಸ್ ತಗುಲಿದೆ ಕಣಮ್ಮ. ನರಗಳ ಮೇಲಿನ ಹೊದಿಕೆ ಸರಿಯಾಗಿ ಬೆಳೆದಿಲ್ಲ. ಇದಕ್ಕೆ ಔಷಧಿ ಇಲ್ಲ."

"ಹಾಗಾದ್ರೆ ಸಾಯ್ತಾವಾ?"

"ನಡುಕದಿಂದ ಸಾಯಲ್ಲ, ಹಸಿವಿನಿಂದ ಸಾಯ್ತಾವೆ. ಹಾಲು ಕುಡಿದು ಬದುಕಿದ್ರೆ ನಡುಕ ತಾನಾಗೇ ಕಮ್ಮಿಯಾಗುತ್ತೆ. ಆದ್ರೆ ಇಷ್ಟೂ ಮರಿಗಳಿಗೆ ಯಾರು ಕುಡಿಸ್ತಾರೆ, ಹೇಳಿ?"

ಬಾಗಿಲಲ್ಲಿ ನಿಂತಿದ್ದ ಮಾಂಸದಂಗಡಿಯವನು ನಕ್ಕ. "ಹಂದಿ ಮರಿಗೆ ಆಯಾ ಇಡ್ತೀಯಾ? ಇವತ್ತೇ ಮುಗಿಸಿಬಿಡು. ನಿನ್ನ ಕೈಲಾಗದಿದ್ರೆ ನನ್ನ ಕರಿ."

ಇಬ್ಬರೂ ಹೋದ ಮೇಲೆ ಅವಳು ಒಂದೊಂದೇ ಮರಿಯನ್ನು ಹಿಡಿದು ಮೊಲೆಗೆ ಹಚ್ಚತೊಡಗಿದಳು. ಬಿಗಿಯಾಗಿ ಹಿಡಿದರೆ ಕಿರುಚುತ್ತಿತ್ತು, ಸಡಿಲ ಬಿಟ್ಟರೆ ಜಾರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಮರಿ ಅವಳ ಮಡಿಲಲ್ಲೇ ತಣ್ಣಗಾಯಿತು. ಅದನ್ನು ಪಕ್ಕಕ್ಕಿಟ್ಟು ಅವಳು ಮುಂದಿನದನ್ನು ಎತ್ತಿಕೊಂಡಳು.

"ಅತ್ತಿಗೆ, ಹೀಗೆ ಹಿಡಿದ್ರೆ ಅದು ಕುಡಿಯುತ್ತಾ?"

ತಲೆಯೆತ್ತಿದರೆ ನಾದಿನಿ. ಆಸ್ಪತ್ರೆಯ ಹಸುಗೂಸುಗಳ ವಾರ್ಡಿನಲ್ಲಿ ನರ್ಸು. ಆಗಷ್ಟೇ ಕೆಲಸ ಮುಗಿಸಿ ಬಂದಿದ್ದಳು. ಹಂದಿ ಬಂದಾಗಿನಿಂದ ಅವರಿಬ್ಬರದು ಎಣ್ಣೆ ಸೀಗೇಕಾಯಿ ಸಂಬಂಧ. ವಾಸನೆಗೆ ಮೂಗು ಮುರಿದು ನಾದಿನಿ ಹಿತ್ತಲ ಬಾಗಿಲನ್ನೇ ತೆರೆಯುತ್ತಿರಲಿಲ್ಲ.

"ನೋಡಿ ನಗೋಕೆ ಬಂದ್ಯಾ?"

"ಸುಮ್ನಿರಿ. ಹಳೇ ಟವೆಲ್ ಇದ್ರೆ ಕೊಡಿ."

ನಾದಿನಿ ಉಡುಪಿನ ತೋಳು ಮೇಲಕ್ಕೆ ಮಡಚಿ ಕೂತಳು. ಮರಿಯನ್ನು ಟವೆಲ್ಲಿನಲ್ಲಿ ಕೂಸಿನ ಹಾಗೆ ಸುತ್ತಿ, ದವಡೆಯ ಕೆಳಗೆ ಎರಡು ಬೆರಳು ಕೊಟ್ಟಳು. ಆದರೂ ಮೂತಿ ನಡುಗುತ್ತಲೇ ಇತ್ತು.

"ನಿದ್ದೆ ಬಂದಾಗ ನಡುಕ ನಿಲ್ಲುತ್ತೆ ಕಣೇ," ಎಂದಳು ಅತ್ತಿಗೆ. "ಬೆಳಿಗ್ಗೆಯಿಂದ ನೋಡ್ತಿದೀನಿ."

ನಾದಿನಿ ಅವಳ ಮುಖ ನೋಡಿದಳು. "ಇದನ್ನ ಮೊದಲೇ ಹೇಳಬಾರದಿತ್ತಾ?"

ಇಬ್ಬರೂ ಮರಿಗಳನ್ನು ಎದೆಗವಚಿಕೊಂಡು ತೂಗಿದರು. ಕಣ್ಣು ಮುಚ್ಚಿದವು, ನಡುಕ ಇಳಿಯಿತು. ತೂಕಡಿಕೆಯಲ್ಲೇ ಮೊಲೆ ಬಾಯಿಗಿಟ್ಟರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪುಟ್ಟ ಗಂಟಲು ಕುಣಿಯಿತು. ಚಪ್, ಚಪ್, ಚಪ್.

"ಕುಡೀತು!" ಎಂದು ನಾದಿನಿ ಕೂಗಿದ ಕೂಗಿಗೆ ಹಂದಿಯೇ ಬೆಚ್ಚಿತು.

ಅಲ್ಲಿಂದ ಕೊಟ್ಟಿಗೆಯೇ ವಾರ್ಡಾಯಿತು. ನಾದಿನಿ ಕೆಲಸಕ್ಕೆ ಹೋದಾಗ ಇವಳು, ಇವಳು ಒಲೆಯ ಮುಂದಿದ್ದಾಗ ನಾದಿನಿ. ಬೆನ್ನು ಬಿದ್ದುಹೋಗುತ್ತಿತ್ತು, ಸೀರೆಯೆಲ್ಲ ಹಾಲು ಗಂಜಲ. "ಹೆತ್ತ ತಾಯಿಗೂ ಇಷ್ಟು ಚಾಕರಿ ಮಾಡಿಲ್ಲ ನಾನು," ಎಂದು ನಾದಿನಿ ಬೈಯುತ್ತಿದ್ದಳು. ಬೈಯುತ್ತಲೇ ಮುಂದಿನ ಮರಿಗೆ ಕೈ ಚಾಚುತ್ತಿದ್ದಳು. ವಾರಗಳು ಉರುಳಿದಂತೆ ನಡುಕ ಮೈಯಿಂದ ತಲೆಗೆ, ತಲೆಯಿಂದ ಕಿವಿಯ ತುದಿಗೆ ಬಂತು. ಮೊದಲು ಒಂದು ಮರಿ ತಾನಾಗೇ ಮೊಲೆ ಹುಡುಕಿತು. ಉಳಿದವು ಅದನ್ನು ತಳ್ಳಿ ಮುನ್ನುಗ್ಗಿದವು.

ಮಾಂಸದಂಗಡಿಯವನು ಮತ್ತೆ ಬಂದದ್ದು ಒಂದು ಬಿಸಿಲಿನ ದಿನ. ಅವನು ಗೇಟು ತೆರೆದದ್ದೇ ತಡ, ಒಂಬತ್ತೂ ಮರಿಗಳು ಕಾಲ ಸಂದಿಯಲ್ಲಿ ನುಗ್ಗಿ ಅವನನ್ನು ಹುಲ್ಲಿನ ರಾಶಿಗೆ ಕೆಡವಿದವು.

"ಎಲ್ಲಿಂದ ತಂದ್ರಿ ಇವನ್ನ?"

"ಅವೇ ಕಣಣ್ಣ," ಎಂದಳು ಅವಳು.

"ಸುಳ್ಳು!"

"ಮುಗಿಸೋಕೆ ಬಂದ್ಯಾ? ಹಿಡಿ ನೋಡೋಣ!" ಎಂದು ನಾದಿನಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಅತ್ತಿಗೆ ನಾದಿನಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಲ್ಲು ಕೊಡವಿಕೊಳ್ಳುತ್ತ ಅವನೂ ನಕ್ಕ.

ಅಂಗಳದ ಮೂಲೆಯಲ್ಲಿ ತಾಯಿ ಹಂದಿ ಬಿಸಿಲಿಗೆ ಮೈಚೆಲ್ಲಿ ಮಲಗಿತ್ತು. ಎಲ್ಲಕ್ಕಿಂತ ಚಿಕ್ಕ ಮರಿ ಅದರ ಬೆನ್ನೇರಿ, ನಾಲ್ಕೂ ಕಾಲೂರಿ, ಗೋಡೆಯಾಚೆಯ ರಸ್ತೆಯನ್ನು ನೋಡುತ್ತ ನಿಶ್ಚಲವಾಗಿ ನಿಂತಿತ್ತು.