ಇಂಜಿನ್ನಿಗೆ ವಿಭೂತಿ

ಮೂರನೆಯ ಸಲವೂ ಕಾರಿನ ಕೆಳಗೆ ಕಪ್ಪು ಎಣ್ಣೆ ಮಡುಗಟ್ಟಿದ್ದು ಕಂಡು ಕಲ್ಲೇಶಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಬೀಸಿ ಒಗೆದ. ಚನ್ನಗಿರಿಯಲ್ಲಿ ಅವನ ಕೈಗೆ ಬರುತ್ತಿದ್ದ ಕಾರು ಸಾಹುಕಾರ ಬಸವರಾಜಪ್ಪನವರದೊಂದೇ. ಮಿಕ್ಕಿದ್ದೆಲ್ಲ ಅಕ್ಕಿ ಗಿರಣಿಯ ಇಂಜಿನ್ನುಗಳು. ಆ ಒಂದು ಕಾರಿನಿಂದಲೇ ಊರಿನವರು ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು.

“ಸೋಮವಾರ ಅವ್ವನ್ನ ಜಗಳೂರಿಗೆ ಕರ್ಕೊಂಡು ಹೋಗ್ಬೇಕು ಕಲ್ಲೇಶಿ, ಮರಿಮೊಮ್ಮಗೂನ ತೊಟ್ಟಿಲು ಶಾಸ್ತ್ರ ಐತೆ,” ಎಂದರು ಸಾಹುಕಾರರು. “ನಿನ್ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡು. ದಾವಣಗೆರೆಯಿಂದ ಬೇರೆಯೋನ್ನ ಕರೆಸ್ತೀನಿ.”

ಕಲ್ಲೇಶಪ್ಪನಿಗೆ ಪಿತ್ತ ನೆತ್ತಿಗೇರಿತು. “ಕರೆಸೋದೇನೂ ಬ್ಯಾಡ. ಈ ಸಲ ಒಂದು ತೊಟ್ಟು ಬಿದ್ರೂ ನಾನು ನಿಮ್ಮ ಕಾರು ಮುಟ್ಟಲ್ಲ. ಸಾಕಾ?”

ಅಂದದ್ದೇನೋ ಅಂದುಬಿಟ್ಟ. ಆದರೆ ಎಲ್ಲಿಂದ ಸೋರುತ್ತಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಮೊದಲು ಎಣ್ಣೆ ಬಸಿಯುವ ಕೆಳಗಿನ ಬಿರಡೆಗೆ ಹೊಸ ಚರ್ಮದ ಬಿಲ್ಲೆ ಹಾಕಿದ. ಆಮೇಲೆ ಎಣ್ಣೆ ತೊಟ್ಟಿಯನ್ನೇ ಬಿಚ್ಚಿ ಅದರ ಅಂಚಿಗೆ ಹೊಸ ಕಾರ್ಕಿನ ಪಟ್ಟಿ ಕೂರಿಸಿದ. ಒಂದು ಕಡೆ ನಿಂತರೆ ಇನ್ನೊಂದು ಕಡೆ ಜಿನುಗುತ್ತಿತ್ತು. ಯುದ್ಧದ ಕಾಲ ಬೇರೆ, ಇಂಜಿನ್ ಎಣ್ಣೆಯ ಡಬ್ಬಿ ಸಿಗುವುದೇ ದುರ್ಲಭ. ಇಂಜಿನ್ನಿನ ಪಕ್ಕದಲ್ಲಿ ನಿಂತಿದ್ದ ಸಣ್ಣ ಕೊಳವೆಯ ಬಾಯಿಗೆ ಯಾರೋ ಅರಿಶಿನದ ಬಟ್ಟೆ ಬಿಗಿದಿದ್ದರು. ಸಾಹುಕಾರರ ಮನೆಯ ಹರಕೆಯಿರಬೇಕೆಂದು ಅವನು ಮೂರು ಸಲವೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಸುತ್ತ ಮಾತ್ರ ಒರೆಸಿದ್ದ.

ಈ ಸಲ ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ವಿಭೂತಿ ಗಟ್ಟಿಗಳನ್ನು ಕುಟ್ಟಿ ಪುಡಿ ಮಾಡಿ ಎಲ್ಲ ಕಡೆಗೂ ಉದುರಿಸಿದ. ಬಿಳಿಯ ಮೇಲೆ ಎಣ್ಣೆ ಜಾಡು ಬಿಡದೆ ಎಲ್ಲಿಗೆ ಹೋದೀತು?

ಜಗಲಿಯ ಮೇಲೆ ಕೂತಿದ್ದ ಸಾಹುಕಾರರ ತಾಯಿ ಅಜ್ಜಮ್ಮನಿಗೆ ನಗು ತಡೆಯಲಿಲ್ಲ. “ಏನೋ ಕಲ್ಲೇಶಿ, ಇಂಜಿನ್ನಿಗೂ ವಿಭೂತಿ ಹಚ್ಚಿದೆ. ಇನ್ನು ಲಿಂಗ ಕಟ್ಟೋದೊಂದು ಬಾಕಿ.”

“ಸುಮ್ನಿರ್ರಿ ಅಮ್ಮಾರೆ. ನಂಗೆ ತಲೆ ಕೆಟ್ಟೈತೆ.”

ಸೂಳೆಕೆರೆಯ ಏರಿಯವರೆಗೆ ಓಡಿಸಿಕೊಂಡು ಬಂದು ಅಂಗಳದಲ್ಲಿ ಇಂಜಿನ್ನಿನ ಮೇಲಿನ ಮುಚ್ಚಳ ಎತ್ತಿದ. ಜಾಡು ಒಂದಲ್ಲ. ಮುಂದೆ, ಹಿಂದೆ, ಎರಡೂ ಪಕ್ಕದ ಸಂದಿಗಳಲ್ಲಿ ಕಪ್ಪು ಗೆರೆಗಳು. ಅವನು ಕಾರಿಗೂ ಅದನ್ನು ಮಾಡಿದವರಿಗೂ ಬಾಯಿಗೆ ಬಂದಂತೆ ಬೈದ. ಬೈದು ಸುಸ್ತಾದ ಮೇಲೆ ಬುದ್ಧಿ ಕೆಲಸ ಮಾಡಿತು. ಒಂದು ಕಡೆ ಸೋರಿದರೆ ಅಲ್ಲಿ ಕೆಟ್ಟಿದೆ ಎನ್ನಬಹುದು. ಎಲ್ಲ ಕಡೆ ಸೋರಿದರೆ? ಅನ್ನದ ಗಡಿಗೆಯ ಮೇಲೆ ಕಲ್ಲು ಹೇರಿದರೆ ಗಂಜಿ ಸಂದಿಸಂದಿಯಲ್ಲೂ ಉಕ್ಕುತ್ತದೆ. ಒಳಗಿನ ಹಬೆ ಹೊರಗೆ ಹೋಗಲೆಂದು ಇಂಜಿನ್ನಿಗೂ ಒಂದು ಕೊಳವೆ ಇಟ್ಟಿರುತ್ತಾರೆ.

ಅವನ ಕಣ್ಣು ಅರಿಶಿನದ ಬಟ್ಟೆಯ ಮೇಲೆ ನಿಂತಿತು.

“ಅಮ್ಮಾರೆ, ಈ ಹರಕೆ ಯಾವ ದೇವರಿಗೆ ಕಟ್ಟಿದ್ದು?”

“ಯಾವ ಹರಕೇನೋ? ಅದು ಉಪ್ಪಿನಕಾಯಿ ಜಾಡಿ ಬಟ್ಟೆ. ಬಾಯಿ ತೆಕ್ಕೊಂಡು ನಿಂತಿತ್ತು, ಧೂಳು ಬೀಳಬಾರದು ಅಂತ ನಾನೇ ಯುಗಾದಿ ಹಿಂದಿನ ದಿನ ಕಟ್ಟಿದೆ.”

“ಸೋರಾಕೆ ಶುರುವಾಗಿದ್ದು?”

“ಯುಗಾದಿ ಆದ್ಮೇಲೆ,” ಎಂದು ಮುದುಕಿ ಬೇವಿನ ಮರದ ಕಡೆ ಮುಖ ತಿರುಗಿಸಿತು.

ಎರಡು ಮಡಿಕೆಯ ಬಟ್ಟೆ ಎಣ್ಣೆಯಲ್ಲಿ ನೆನೆದು, ಧೂಳು ಮೆತ್ತಿ, ಚರ್ಮದಂತೆ ಗಟ್ಟಿಯಾಗಿತ್ತು. ಇಂಜಿನ್ ಓಡುತ್ತಿದ್ದಂತೆಯೇ ದಾರ ಕತ್ತರಿಸಿದ. ಕೊಳವೆ ಬುಸ್ಸೆಂದು ಅವನ ಮುಖಕ್ಕೆ ಬಿಸಿ ಹೊಗೆ ಉಗುಳಿತು. ಬಟ್ಟೆಯನ್ನು ಮೂಸಿ ನೋಡಿದ. ಇಷ್ಟಾದರೂ ಇಂಗಿನ ವಾಸನೆ ಹೋಗಿರಲಿಲ್ಲ. ಇದನ್ನು ಮೂರು ಸಲ ಕಣ್ಣಿಗೊತ್ತಿಕೊಂಡಿದ್ದ.

ಎಲ್ಲವನ್ನೂ ಮತ್ತೆ ಒರೆಸಿ, ಕಾರನ್ನು ತ್ಯಾವಣಿಗೆಗೆ ಹೋಗಿಬರುವಷ್ಟು ಹೊತ್ತು ಓಡಿಸಿ, ಅಂಗಳದಲ್ಲಿ ನಿಲ್ಲಿಸಿ ಕೆಳಗೆ ಹಳೆಯ ಕಾಗದ ಹಾಸಿದ. ಸಂಜೆ ಸಾಹುಕಾರರು ಬಗ್ಗಿ ನೋಡಿದಾಗ ಕಾಗದ ಒಣಗಿಯೇ ಇತ್ತು.

“ಏನಾಗಿತ್ತೋ?”

ದೊಡ್ಡ ರಿಪೇರಿಯ ಕಥೆಯೊಂದು ಕಲ್ಲೇಶಪ್ಪನ ನಾಲಿಗೆಯ ತುದಿಗೆ ಬಂತು. ಜಗಲಿಯ ಮೇಲೆ ಅಜ್ಜಮ್ಮ ಬೇವಿನ ಮರವನ್ನೇ ನೋಡುತ್ತ ಕೂತಿತ್ತು.

“ಉಸಿರು ಕಟ್ಟಿತ್ತು ಸಾವ್ಕಾರ್ರೆ. ಕಣ್ಣೆದುರಿಗೇ ಇತ್ತು, ನಾನೇ ನೋಡ್ಲಿಲ್ಲ,” ಎಂದು ಗದರಿದಂತೆ ಹೇಳಿದ. “ದಾವಣಗೆರೆಯೋನು ಬಂದಿದ್ರೆ ಮೊದಲನೇ ದಿನಾನೇ ಕಿತ್ತು ಬಿಸಾಕ್ತಿದ್ದ.”

ಸೋಮವಾರ ಕಾರು ಹೊರಡುವಾಗ ಅಜ್ಜಮ್ಮ ಕಿಟಕಿಯಿಂದ ಮೆಲ್ಲಗೆ ಕೇಳಿತು: “ಜಗಳೂರು ದಾರಿ ಬಲೇ ಧೂಳು ಕಣೋ. ಆ ಕೊಳವೆ ಒಳಗೆ ಬಿದ್ರೆ?”

“ಬೀಳ್ಲಿ,” ಎಂದ ಕಲ್ಲೇಶಪ್ಪ. “ಆ ಬಟ್ಟೆ ನನ್ ಜೇಬಲ್ಲೈತೆ. ನೀವು ತಿರುಗಿ ಬರೋತನಕ ಕೊಡಲ್ಲ.”