ಎಡಗೈ ಖಾಲಿ ಇರಲಿ

೧

ಎಲ್ಲಿಂದ ಶುರು ಮಾಡಲಿ? ಸೂಜಿಯಿಂದಲೇ? ಬೆನ್ನುಮೂಳೆಯ ಸೂಜಿ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಪುಟ ಮಗುಚುತ್ತೀರಿ. ಹೋಗಲಿ, ಹವೆಯಿಂದ ಶುರು ಮಾಡೋಣವೆಂದರೆ ನಮ್ಮ ಪಶ್ಚಿಮ ಜುಟ್ಲೆಂಡಿನಲ್ಲಿ ಹವೆ ಅಂದರೆ ಬರೀ ಗಾಳಿ. ಕೊಟ್ಟಿಗೆಯ ಚಾವಣಿ ಹಾರಿ ಪಕ್ಕದವರ ಹೊಲಕ್ಕೆ ಬಿದ್ದ ದಿನವೂ ಇಲ್ಲಿನವರು "ಇವತ್ತು ಸ್ವಲ್ಪ ಗಾಳಿ ಇದೆ ಅಲ್ವಾ" ಅನ್ನುತ್ತಾರೆ, ಅಷ್ಟೆ.

(ಈ ಚಾವಣಿಯನ್ನು ನೆನಪಿಟ್ಟುಕೊಳ್ಳಿ. ಕಥೆಯೆಲ್ಲ ಅದರ ಕೆಳಗೇ ನಡೆಯುತ್ತದೆ.)

ನಾನು ಅಗ್ನೆಟೆ, ಅರಿವಳಿಕೆ ಡಾಕ್ಟರು. ಹುಟ್ಟಿದ್ದು ಕೋಪನ್‌ಹೇಗನ್‌ನಲ್ಲಿ. ಈ ಕಡೆ ಬಂದು ಹದಿನಾಲ್ಕು ವರ್ಷವಾಯಿತು. ಕಥೆ ನಡೆದಾಗ ಮೂರೇ ವಾರವಾಗಿತ್ತು. ಒಂದು ಬೆಳಿಗ್ಗೆ ಆರು ನಿಮಿಷಗಳ ಕಾಲ ಮಾರೆನ್ ಎಂಬ ಬಸುರಿಯ ಬಿಪಿ ಎಷ್ಟಿದೆ ಎಂದು ನನಗೆ ಗೊತ್ತಿರಲಿಲ್ಲ. ಆ ಆರು ನಿಮಿಷ ಅವಳ ಹೊಟ್ಟೆಯಲ್ಲಿ ಮಗು ಇತ್ತು. ಇಷ್ಟೇ ಕಥೆ. ಇದನ್ನು ಬರೆಯಲು ಹದಿನಾಲ್ಕು ವರ್ಷ ಬೇಕಾಯಿತು ಅಂದರೆ ನಾನು ಎಂಥ ಲೇಖಕಿ ಅಂತ ನಿಮಗೇ ಗೊತ್ತಾಗಬೇಕು.

೨

ಮೊದಲ ಕರಡು:

"ಡಾಕ್ಟರ್ ಅಗ್ನೆಟೆಯ ಚುರುಕು ಕಣ್ಣಿಗೆ ಯಾವುದೂ ತಪ್ಪುವಂತಿರಲಿಲ್ಲ…"

"ಯಾರ ಕಣ್ಣು?"

ಇದು ಬೊಡಿಲ್. ಮೂವತ್ತು ವರ್ಷ ಅರಿವಳಿಕೆ ವಿಭಾಗದಲ್ಲೇ ಸವೆದ ನರ್ಸ್. ಈಗ ನಿವೃತ್ತಳಾಗಿದ್ದಾಳೆ, ಆದರೂ ನಾನು ಬರೆಯಲು ಕೂತರೆ ಬೆನ್ನ ಹಿಂದೆ ಬಂದು ನಿಲ್ಲುತ್ತಾಳೆ.

"ನನ್ನದು," ಎಂದೆ.

"ಅಯ್ಯೋ, ಹೌದಾ? ಆ ದಿನ ಎಲ್ಲಿಟ್ಟಿದ್ರಿ ಅದನ್ನ?"

ಮೊದಲ ಕರಡು ಕಸದ ಬುಟ್ಟಿಗೆ ಹೋಯಿತು.

೩

ಎರಡನೇ ಕರಡಿಗೆ ಮುಂಚೆ ಸ್ವಲ್ಪ ಪಾಠ. ಓದುಗರೇ, ದಯವಿಟ್ಟು ಆಕಳಿಸಬೇಡಿ. (ಆಕಳಿಕೆಯೂ ಮುಂದೆ ಬರುತ್ತದೆ.)

ಬೆನ್ನಿಗೆ ಸ್ಪೈನಲ್ ಕೊಟ್ಟರೆ ಎದೆಯಿಂದ ಕೆಳಗೆ ನೋವು ಹೋಗುತ್ತದೆ. ಜೊತೆಗೆ ಅಲ್ಲಿನ ರಕ್ತನಾಳಗಳೂ ಸಡಿಲವಾಗಿ ಬಿಪಿ ಸರ್ರನೆ ಇಳಿಯುತ್ತದೆ. ಮಗುವಿಗೆ ರಕ್ತ ಮುಟ್ಟುವುದು ತಾಯಿಯ ಬಿಪಿಯಿಂದ. ಅದಕ್ಕೇ ಮಲಗಿಸಿದ ಕೂಡಲೇ ಬಲ ಸೊಂಟದ ಕೆಳಗೆ ದಿಂಬು ಕೊಟ್ಟು ಎಡಕ್ಕೆ ಸ್ವಲ್ಪ ವಾಲಿಸುತ್ತೇವೆ, ಡ್ರಿಪ್ ಬಿಡುತ್ತೇವೆ, ನಾಳಗಳನ್ನು ಬಿಗಿ ಮಾಡುವ ಔಷಧಿಯನ್ನು ಅದೇ ಡ್ರಿಪ್ಪಿನ ಪೈಪಿನಲ್ಲಿ ಹರಿಸುತ್ತೇವೆ. ನಿಮಿಷಕ್ಕೊಮ್ಮೆ ಬಿಪಿ ನೋಡುತ್ತೇವೆ. "ಹೊಟ್ಟೆ ತೊಳಸಿದ್ರೆ ತಕ್ಷಣ ಹೇಳಿ" ಅನ್ನುತ್ತೇವೆ, ಯಾಕೆಂದರೆ ಯಂತ್ರಕ್ಕಿಂತ ಮೊದಲು ಹೊಟ್ಟೆಗೆ ಗೊತ್ತಾಗುತ್ತದೆ.

ಯಾರಿಗೆ ಹೇಳುತ್ತಿದ್ದೇವೆ ಅನ್ನುವುದನ್ನು ಪಠ್ಯಪುಸ್ತಕ ಬರೆದವರು ಯೋಚಿಸಿರಲಿಕ್ಕಿಲ್ಲ. ಚಾವಣಿ ಹಾರಿದರೆ "ಸ್ವಲ್ಪ ಗಾಳಿ" ಅನ್ನುವವರಿಗೆ!

೪

ಎರಡನೇ ಕರಡು:

"'ಡಾಕ್ಟ್ರೇ, ನನ್ನ ಮಗು!' ಎಂದು ಮಾರೆನ್ ಚೀರಿದಳು. ಅವಳ ಕಣ್ಣಾಲಿಗಳು…"

"ನಾನು ಚೀರಲಿಲ್ಲ," ಎಂದಳು ಮಾರೆನ್.

"ಗೊತ್ತು. ಕಥೆಗೋಸ್ಕರ ಒಂದು ಸಲ ಚೀರಬಾರದಾ?"

"ಛೆ, ಪಕ್ಕದ ಕೋಣೇಲಿ ಬೇರೆಯವ್ರಿಗೂ ಆಪರೇಷನ್ ನಡೀತಿರುತ್ತೆ."

"ನೀನು ಅವತ್ತೇ ಚೀರಿದ್ದಿದ್ದರೆ ನಾನು ಈ ಕಥೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ, ತಾಯಿ."

"ಬರೀಲೇಬೇಕು ಅಂತ ಯಾರು ಹೇಳಿದ್ರು?"

(ಈ ಪಾತ್ರದ ಜೊತೆ ಏಗುವುದು ನನ್ನಿಂದಾಗದು. ಅವಳನ್ನು ಕಥಾನಾಯಕಿ ಮಾಡಲು ಹೊರಟರೆ 'ನನ್ನಿಂದ ನಿಮಗ್ಯಾಕೆ ತೊಂದರೆ' ಎಂದು ಪುಟದ ಅಂಚಿಗೆ ಸರಿದು ಕೂರುತ್ತಾಳೆ.)

೫

ಸರಿ, ನಡೆದದ್ದನ್ನೇ ಹೇಳುತ್ತೇನೆ.

ಮಗು ಹೊಟ್ಟೆಯಲ್ಲಿ ಕುಂಡೆ ಕೆಳಗಾಗಿ ಕೂತಿತ್ತು. ಹಾಗಾಗಿ ದಿನ ಗೊತ್ತು ಮಾಡಿದ ಸಿಸೇರಿಯನ್. ಮಾರೆನ್‌ಳ ಗಂಡ ಎಸ್ಬೆನ್ ನೂರ ನಲವತ್ತು ಹಸು ಸಾಕಿದವನು. ಬೆಳಗಿನ ಹಾಲು ಕರೆದು ಮುಗಿಸಿಯೇ ಬಂದಿದ್ದ. ಸ್ಪೈನಲ್ ಕೊಟ್ಟು ಮಲಗಿಸಿದ್ದ ಅವಳ ತಲೆಯ ಎಡಗಡೆ ಸ್ಟೂಲಿನಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟು ಪಾದ್ರಿಯ ಎದುರು ಕೂತಂತೆ ಕೂತಿದ್ದ.

ನನಗೆ ಕರುಳು ಚುರುಕ್ ಅಂದಿತು. ಹೆಂಡತಿಯ ಕೈ ಹಿಡಿದುಕೊಳ್ಳಬಾರದೇ, ಪಾಪ, ಜಾಗವಿಲ್ಲವೇನೋ ಅಂದುಕೊಂಡೆ. ಡ್ರಿಪ್ ಇದ್ದದ್ದು ಬಲಗೈಗೆ. ಬಿಪಿ ಪಟ್ಟಿ ಇದ್ದದ್ದು ಎಡಗೈಗೆ. ನಾನು ಎಡಗೈಯಿಂದ ಪಟ್ಟಿ ಬಿಚ್ಚಿ ಬಲಗೈಗೆ ಸುತ್ತಿದೆ.

"ಆ ಕೈಗೇನಾ?" ಎಂದಳು ಬೊಡಿಲ್.

"ಹೌದು. ಎಡಗೈ ಖಾಲಿ ಇರಲಿ, ಗಂಡ ಹಿಡಿದುಕೊಳ್ಳಲಿ."

ಬೊಡಿಲ್ ಮತ್ತೆ ಮಾತಾಡಲಿಲ್ಲ. (ಈಗ ಕೇಳಿದರೆ, "ಹೊಸಬರು ನೀವು, ಎಲ್ಲರೆದುರು ಮುಖ ಕೆಡಿಸೋದ್ಯಾಕೆ ಅಂತ ಸುಮ್ಮನಾದೆ" ಅನ್ನುತ್ತಾಳೆ.) ನಾನೇ ಎಸ್ಬೆನ್‌ನ ಕೈ ಎತ್ತಿ ಮಾರೆನ್‌ಳ ಕೈಯಲ್ಲಿಟ್ಟೆ. ಇಬ್ಬರ ಮುಖವೂ ಕೆಂಪಾಯಿತು. ಹನ್ನೊಂದು ವರ್ಷದ ದಾಂಪತ್ಯದಲ್ಲಿ ಅವರು ನಾಲ್ಕು ಜನರ ಮುಂದೆ ಕೈ ಹಿಡಿದವರಲ್ಲ. ಆದರೆ ಡಾಕ್ಟರು ಅಷ್ಟು ಪ್ರೀತಿಯಿಂದ ಜೋಡಿಸಿದ್ದನ್ನು ಬಿಡಿಸಿಕೊಳ್ಳುವುದು ಹೇಗೆ?

ಬಿಪಿ ನೂರ ಹದಿನೆಂಟು. ಮುಂದಿನ ನಿಮಿಷ ತೊಂಬತ್ತಾರು. ಆಮೇಲೆ ಮಾರೆನ್ ನಡುಗತೊಡಗಿದಳು. ಸ್ಪೈನಲ್ ಆದವರು ಹಾಗೆ ನಡುಗುವುದುಂಟು. ಕೈ ಅಲುಗಿದರೆ ಯಂತ್ರಕ್ಕೆ ಬಿಪಿ ಸಿಗುವುದಿಲ್ಲ. ಪಟ್ಟಿ ಉಬ್ಬಿತು, ಇಳಿಯಿತು, ಮಾನಿಟರಿನಲ್ಲಿ ಅಂಕಿಯ ಬದಲು ಎರಡು ಗೀಟು. ಮತ್ತೆ ಉಬ್ಬಿತು. ಮತ್ತೆ ಗೀಟು.

"ಹೇಗಿದ್ದೀರಿ ಮಾರೆನ್?"

"ಅಷ್ಟೇನಿಲ್ಲ."

"ಹೊಟ್ಟೆ ತೊಳಸ್ತಿದೆಯಾ?"

"ನಿಮಗೆ ಬೇರೆ ಕೆಲಸ ಇರುತ್ತೆ, ನೋಡಿಕೊಳ್ಳಿ," ಎಂದು ದೊಡ್ಡದಾಗಿ ಆಕಳಿಸಿದಳು. "ಕ್ಷಮಿಸಿ."

ನಿದ್ದೆಗೆಟ್ಟಿದ್ದಾಳೆ ಅಂದುಕೊಂಡೆ! ಬಿಪಿ ಇಳಿದವರು ಆಕಳಿಸುತ್ತಾರೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು ನಾನು. ಆದರೂ ಯಾವುದಕ್ಕೂ ಇರಲಿ ಎಂದು ಔಷಧಿಯ ವೇಗ ಹೆಚ್ಚಿಸಿದೆ. ಪರದೆಯ ಆಚೆ ಶಸ್ತ್ರವೈದ್ಯೆ "ಶುರು ಮಾಡಲಾ?" ಎಂದಳು. "ಒಂದೇ ನಿಮಿಷ" ಎಂದೆ. ಮೂರು ಸಲ ಹಾಗೆಯೇ ಎಂದೆ.

ಆಗ ಎಸ್ಬೆನ್ ಗಂಟಲು ಸರಿಮಾಡಿಕೊಂಡ.

"ಇದು ನನ್ನ ಕೆಲಸ ಅಲ್ಲ ಬಿಡಿ."

"ಹೇಳಿ."

"ಅಲ್ಲ, ನಿಮ್ಮ ಕಡೆ ಹಾಗೇ ಇರುತ್ತೇನೋ. ಆ ಪಟ್ಟಿ ಉಬ್ಬಿದಾಗೆಲ್ಲ ಮೇಲೆ ಡ್ರಿಪ್ಪಲ್ಲಿ ಹನಿ ಬೀಳೋದು ನಿಲ್ಲುತ್ತೆ. ನಮ್ಮಲ್ಲೂ ಹಾಲು ಕರೆಯೋ ಯಂತ್ರದ ಪೈಪಿನ ಮೇಲೆ ಹಸು ಕಾಲಿಟ್ರೆ ಹಾಲು ಹೀಗೇ ನಿಲ್ಲೋದು."

ನಾನು ತಲೆ ಎತ್ತಿ ನೋಡಿದೆ. ಹನಿ ನಿಂತಿತ್ತು. ನಾನು ಸುತ್ತಿದ ಪಟ್ಟಿ ಅವಳ ತೋಳನ್ನು ಹಿಸುಕುತ್ತಿತ್ತು. ಹೆಚ್ಚಿಸಿದ ಔಷಧಿಯೆಲ್ಲ ಆ ಹಸುವಿನ ಕಾಲಡಿ ನಿಂತಿತ್ತು.

ಬೊಡಿಲ್ ಪಟ್ಟಿಯನ್ನು ಪರ್ರನೆ ಕಿತ್ತಳು. ಎಸ್ಬೆನ್‌ನ ಕೈಯನ್ನು ಅತ್ತ ತಳ್ಳಿ ಅದನ್ನು ಮಾರೆನ್‌ಳ ಎಡಗೈಗೆ ಸುತ್ತಿ, ನಡುಗುವ ಆ ತೋಳನ್ನು ಎರಡೂ ಕೈಯಿಂದ ಅದುಮಿ ಹಿಡಿದಳು. ಹನಿಗಳು ಸುರಿಯತೊಡಗಿದವು. ಕೊನೆಗೂ ಒಂದು ಅಂಕಿ ಬಂತು: ಎಪ್ಪತ್ತೊಂದು. ಅದು ಔಷಧಿ ಮುಟ್ಟಿದ ಮೇಲಿನದು. ಅದಕ್ಕೆ ಮುಂಚೆ ಎಷ್ಟಿತ್ತೋ ದೇವರೇ ಬಲ್ಲ. ಎಂಬತ್ತೆಂಟು. ನೂರ ಒಂಬತ್ತು.

"ಯಾವಾಗಿಂದ ನೋಡ್ತಿದ್ರಿ?" ಎಂದು ಎಸ್ಬೆನ್‌ನನ್ನು ಕೇಳಿದೆ.

"ಮೊದಲಿಂದ. ನೀವೆಲ್ಲ ಕೆಲಸದಲ್ಲಿದ್ರಿ."

೬

ಈಗ ಮುಕ್ತಾಯ. ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ.

ಅ) ಹೆಣ್ಣುಮಗು. ಅಳಲು ಸ್ವಲ್ಪ ಹೊತ್ತು ತೆಗೆದುಕೊಂಡಳು, ಆಮೇಲೆ ಆಸ್ಪತ್ರೆಯೇ ಕಿವಿ ಮುಚ್ಚಿಕೊಳ್ಳುವಂತೆ ಅತ್ತಳು. ಬಾಣಂತಿಗೆ ಕೊಡುವ ಟೋಸ್ಟಿನ ಟ್ರೇ ಬಂತು, ಅದರಲ್ಲಿ ಮಗು ಹುಟ್ಟಿದ ಸಂಭ್ರಮಕ್ಕೆ ಇಲ್ಲಿ ನೆಡುವ ಪುಟ್ಟ ಬಾವುಟ. ಇದು ನಿಜ. ಇಷ್ಟಕ್ಕೇ ನಿಲ್ಲಿಸಿದರೆ ನಾನು ಒಳ್ಳೆಯ ಡಾಕ್ಟರು.

ಆ) ಎಸ್ಬೆನ್ ಇನ್ನೂ ಮೂರು ನಿಮಿಷ ಮರ್ಯಾದೆಯಿಂದ ಸುಮ್ಮನಿರುತ್ತಾನೆ. ಇದನ್ನು ನಾಲ್ಕು ಸಲ ಬರೆಯಲು ಹೋದೆ. ನಾಲ್ಕು ಸಲವೂ ಎರಡನೇ ವಾಕ್ಯದಲ್ಲಿ ಅವನು ಬಂದು "ಅದನ್ನ ಬರೀಬೇಡಿ" ಎಂದ. ಕ್ಷಮೆ ಕೇಳದೆ ಅವನಾಡಿದ ಮಾತು ಅದೊಂದೇ.

ಇ) ಮರುದಿನ ಬೆಳಿಗ್ಗೆ ವಾರ್ಡಿಗೆ ಹೋಗಿ ಕೇಳುತ್ತೇನೆ. "ಆ ಆರು ನಿಮಿಷ ಹೇಗಿತ್ತು ಮಾರೆನ್?"

ಮಾರೆನ್ ಮಗುವಿನ ಟೋಪಿ ಸರಿಮಾಡುತ್ತಾಳೆ.

"ಸತ್ತೇ ಹೋಗ್ತೀನಿ ಅನ್ನಿಸ್ತು. ಹೇಳೋಣ ಅಂದ್ಕೊಂಡೆ. ಆದ್ರೆ ಅವನ ಕೈನ ನನ್ನ ಕೈಲಿಟ್ಟು ನೀವು ಎಷ್ಟು ಖುಷಿಯಾಗಿದ್ರಿ. ಅದನ್ನ ಕೆಡಿಸೋದ್ಯಾಕೆ ಅಂತ."

೭

ಓದುಗರೇ, ಕೊನೆಯದನ್ನು ನಂಬಬೇಡಿ. ಅವಳ ಬಾಯಲ್ಲಿ ಅದನ್ನು ಹೇಳಿಸಿದ್ದು ನಾನು. ಮರುದಿನ ವಾರ್ಡಿಗೆ ಹೋದದ್ದು, ಕೇಳಿದ್ದು ನಿಜ. ನಿಜದ ಮಾರೆನ್ "ಅಷ್ಟೇನಿಲ್ಲ" ಎಂದು ತನ್ನ ಬೆಳಗಿನ ಟೋಸ್ಟಿನ ಅರ್ಧ ನನ್ನ ಕಡೆ ತಳ್ಳಿದಳು. ನಾನು ನಿಂತೇ ತಿಂದು ಮುಗಿಸಿ, ಕೆಳಗೆ ಹೋಗಿ ಕಡತದಲ್ಲಿ ಬರೆದೆ: "ರಕ್ತದೊತ್ತಡ ಸ್ವಲ್ಪ ಇಳಿಯಿತು. ಸರಿಪಡಿಸಲಾಯಿತು."

"ಸ್ವಲ್ಪ," ಎಂದಳು ಬೆನ್ನ ಹಿಂದಿನಿಂದ ಬೊಡಿಲ್. "ಅಬ್ಬಾ, ಮೂರೇ ವಾರದಲ್ಲಿ ನಮ್ಮೂರಿನವರಾಗ್ಬಿಟ್ರಿ."

ಆ ಕಡತದ ಬಿಪಿ ಹಾಳೆಯಲ್ಲಿ ತೊಂಬತ್ತಾರಕ್ಕೂ ಎಪ್ಪತ್ತೊಂದಕ್ಕೂ ನಡುವೆ ನಿಮಿಷಕ್ಕೊಂದರಂತೆ ಆರು ಮನೆ ಖಾಲಿ ಇವೆ. ಕಥೆ ಮುಗಿಸಬೇಕಾದರೆ ಅಲ್ಲಿ ಏನಾದರೂ ಬರೆಯಬೇಕು. ಗೊತ್ತಿರುವವಳು ಒಬ್ಬಳೇ, ಅವಳನ್ನು ಕೇಳಿದರೆ ಅಷ್ಟೇನಿಲ್ಲ ಅನ್ನುತ್ತಾಳೆ.