ಒಂದು ಚಮಚ ತುಪ್ಪ, ಒಂದು ಗೇಣು ಬಿರುಕು

ನಾನು ಬೀಡಿನ, ಅಂದರೆ ಎರಕದ ಕಬ್ಬಿಣದ ಕಡಾಯಿ. ಹುಬ್ಬಳ್ಳಿಯ ಒಂದು ಎರಕದ ಮನೆಯಲ್ಲಿ ಹುಟ್ಟಿದವನು. ಹಳೆಯ ರೈಲು ಇಂಜಿನ್ನಿನ ತುಂಡುಗಳನ್ನು ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು ನನ್ನನ್ನು ಮಾಡಿದರು. ಅಚ್ಚು ಒಡೆದ ಮೇಲೆ ನನ್ನ ಮೈಯ ಕಾವಿನಲ್ಲೇ ಅಲ್ಲಿಯ ಕೆಲಸದವರು ಮೂರು ದಿನ ಚಹಾ ಕಾಸಿಕೊಂಡು ಕುಡಿದರು. ನಂಬದಿದ್ದರೆ ಬಿಡಿ. ಸುಳ್ಳು ಹೇಳಿ ಈ ವಯಸ್ಸಿನಲ್ಲಿ ನನಗೆ ಆಗಬೇಕಾದ್ದೇನಿದೆ?

ಧಾರವಾಡದಲ್ಲಿ ಖಾನಾವಳಿ ನಡೆಸುತ್ತಿದ್ದ ಗುರಸಿದ್ಧವ್ವ ನನ್ನನ್ನು ಕೊಂಡುಕೊಂಡಳು. ಅವಳ ಕೈಯಲ್ಲಿ ನಾನು ಮೆಣಸಿನಕಾಯಿ ಭಜಿ ಕರಿದೆ. ನನ್ನ ಭಜಿಯ ವಾಸನೆ ಹಿಡಿದು ಬೆಳಗಾವಿಗೆ ಹೊರಟ ಬಸ್ಸು ಎರಡು ಸಲ ದಾರಿ ತಪ್ಪಿ ನಮ್ಮ ಬಾಗಿಲಿಗೆ ಬಂದು ನಿಂತದ್ದುಂಟು. ಒಮ್ಮೆ ಒಬ್ಬ ಪೈಲ್ವಾನ, ಒಂದೇ ಕೈಯಲ್ಲಿ ಎತ್ತುತ್ತೇನೆಂದು ನನ್ನ ಹಿಡಿಕೆಗೆ ಕೈ ಹಾಕಿದ. ಎತ್ತಿದ, ಇಲ್ಲ ಅನ್ನುವುದಿಲ್ಲ. ಆದರೆ ಆಮೇಲೆ ಎರಡು ವರ್ಷ ಅವನು ಕುಸ್ತಿ ನೋಡಲು ಹೋಗುತ್ತಿದ್ದನೇ ಹೊರತು ಆಡಲು ಹೋಗಲಿಲ್ಲ.

ಗುರಸಿದ್ಧವ್ವ ತೀರಿಕೊಂಡ ಮೇಲೆ ಅವಳ ಸೊಸೆ ನೀಲಗಂಗವ್ವನ ಕೈಗೆ ಬಂದೆ. ಮೂವತ್ತು ವರ್ಷ ಅವಳೂ ನಾನೂ ಒಂದೇ ಒಲೆಯ ಮುಂದೆ ಬೆವರಿದೆವು. ಅವಳ ಖಾನಾವಳಿಯಲ್ಲಿ ಒಂದು ಪದ್ಧತಿ ಇತ್ತು. ಯಾರೇ ಉಣ್ಣಲು ಕೂರಲಿ, ಬಿಸಿ ಅನ್ನದ ಮೇಲೆ ಮೊದಲು ಒಂದು ಚಮಚ ತುಪ್ಪ ಬೀಳಬೇಕು. ಬೇಡ ಅಂದವರಿಗೆ ಎರಡು ಚಮಚ.

ಇಷ್ಟೆಲ್ಲ ದುಡಿದ ನನಗೆ ಸಿಕ್ಕ ಮರ್ಯಾದೆ ಕೇಳಿ. ನೀಲಗಂಗವ್ವನ ಮನೆಗೆ ಕಸ್ತೂರಿ ಎಂಬ ಸೊಸೆ ಬಂದಳು. ಜೊತೆಗೆ ಒಂದು ಕರೀ ಬಣ್ಣದ ನಾನ್‌ಸ್ಟಿಕ್ ಬಾಣಲೆಯೂ ಬಂತು. ಹಪ್ಪಳದಷ್ಟು ತೆಳು. ಕಬ್ಬಿಣದ ಸವುಟು ತಾಗಿದರೆ ಗಾಯವಾಗುತ್ತದಂತೆ, ಅದಕ್ಕೆ ಕಟ್ಟಿಗೆಯ ಸವುಟೇ ಆಗಬೇಕಂತೆ. ಅದು ಪಾತ್ರೆಯೋ, ಬಾಣಂತಿಯೋ? ಕಸ್ತೂರಿ ನನ್ನನ್ನು ನೋಡಿ, "ಅತ್ತಿ, ಇದನ್ನ ಎತ್ತಿದ್ರ ನನ್ನ ನಡಾ ಮುರೀತೈತಿ" ಅಂದಳು. ಮರುದಿನ ನಾನು ಹಿತ್ತಲ ಕೊಟ್ಟಿಗೆಯಲ್ಲಿದ್ದೆ. ನನ್ನೊಳಗೆ ಎಮ್ಮೆಗೆ ತೌಡು ಕಲಸತೊಡಗಿದರು. ಎಮ್ಮೆ ಉಂಡು, ನೆಕ್ಕಿ, ಮೂತಿ ಒರೆಸಿಕೊಳ್ಳಲೂ ನನ್ನ ಅಂಚೇ ಬೇಕಿತ್ತು. ಆರು ವರ್ಷ.

ಅದರಲ್ಲಿ ನಾಲ್ಕು ವರ್ಷ ಕಳೆದಿದ್ದಾಗ ಖಾನಾವಳಿಯ ಮೇಲಿನ ಕೋಣೆಗೆ ಮಾರ್ಸೆಲ್ ಎಂಬ ಹುಡುಗಿ ಬಾಡಿಗೆಗೆ ಬಂದಳು. ಅಮೆರಿಕದಲ್ಲಿ ಲೂಸಿಯಾನಾ ಅಂತ ಒಂದು ಸೀಮೆ ಇದೆಯಂತೆ, ಅಲ್ಲಿಯವಳು. ಇಲ್ಲಿ ಬೆಂಡೆಕಾಯಿಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. "ಬೆಂಡಿಕಾಯಿ ಪಲ್ಯ ಮಾಡಾಕ ಬರಂಗಿಲ್ಲ, ಪುಸ್ತಕಾ ಮಾತ್ರ ಬರೀತಾಳ" ಎಂದು ಕಸ್ತೂರಿ ನಗುತ್ತಿದ್ದಳು. ಎರಡು ವರ್ಷದಲ್ಲಿ ಆ ಹುಡುಗಿ ನಮ್ಮ ಮಾತನ್ನೇ ಕಲಿತಿದ್ದಳು. ಅವಳು ಮಾಂಸ ಮುಟ್ಟುತ್ತಿರಲಿಲ್ಲ. ಹಾಲು, ಮೊಸರು, ತುಪ್ಪವನ್ನೂ ಮುಟ್ಟುತ್ತಿರಲಿಲ್ಲ. ಅದಕ್ಕೇ ಕೆಳಗೆ ಉಣ್ಣಲು ಬರದೆ, ಮೇಲೆ ತಾನೇ ಏನೋ ಬೇಯಿಸಿಕೊಳ್ಳುತ್ತಿದ್ದಳು. ಅದು ನೀಲಗಂಗವ್ವನಿಗೆ ಒಳಗೊಳಗೇ ಒಂದು ನೋವು.

ಒಂದು ದಿನ ಎಮ್ಮೆಗೆ ತೌಡು ಇಡಲು ಬಂದ ನೀಲಗಂಗವ್ವನ ಹಿಂದೆಯೇ ಮಾರ್ಸೆಲ್ ಬಂದಳು. ಕಣ್ಣು ಕೆಂಪಾಗಿತ್ತು.

"ಅವ್ವಾ, ಬರೂ ಐತವಾರಕ್ಕ ನಮ್ಮ ಅಜ್ಜಿ ಸತ್ತು ಒಂದು ವರ್ಷ ಆಕ್ಕೈತಿ. ಮಣ್ಣಿಗೂ ಹೋಗಾಕ ಆಗಲಿಲ್ಲ ನನಗ. ಅಕಿ ಮಾಡ್ತಿದ್ದ ಗಂಬೋ ಮಾಡಿ, ಅವತ್ತು ಉಣಬೇಕಂತ ಆಸೆ ಐತಿ. ನಿನ್ನಿಯಿಂದ ಎರಡು ಸಲ ಮಾಡೀನಿ, ಎರಡೂ ಸಲ ಹಿಟ್ಟು ಸುಟ್ಟು ಹೋತು."

"ಗಂಬೋ ಅಂದ್ರ ಏನವಾ?"

"ಬೆಂಡಿಕಾಯಿ ಹಾಕಿದ ಮಂದನ ಸಾರು. ಅನ್ನದ ಮ್ಯಾಲ ಹಾಕ್ಕೊಂಡು ಉಣ್ಣೂದು. ಮೊದಲ ಎಣ್ಣ್ಯಾಗ ಹಿಟ್ಟು ಹುರೀಬೇಕು, ಕಾಫಿ ಬಣ್ಣ ಬರೂತನ ಕೈ ಬಿಡಂಗಿಲ್ಲ. ಕಸ್ತೂರಿ ಅಕ್ಕನ ಬಾಣಲಿ ಭಾಳ ತೆಳು ಐತಿ. ನಮ್ಮ ಅಜ್ಜಿ ಕಡೆ ದಪ್ಪನ ಬೀಡಿನ ಪಾತ್ರಿ ಇತ್ತು."

ನೀಲಗಂಗವ್ವ ಅವಳ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಎಮ್ಮೆಯ ಮೂತಿಯನ್ನು ಪಕ್ಕಕ್ಕೆ ತಳ್ಳಿ, "ಸರಿಯ, ನಿನ್ನ ಊಟಾ ಮುಗೀತು" ಅಂದಳು.

ಆರು ವರ್ಷದ ಮೇಲೆ ನೆನಪಾಯಿತು ನೋಡಿ. ಇಟ್ಟಿಗೆ ಪುಡಿ ಹಾಕಿ ಉಜ್ಜಿದ್ದೇನು, ಎಣ್ಣೆ ಸವರಿ ಕಾಸಿದ್ದೇನು. ಬೇಕಾದಾಗ ರಾಜ, ಬೇಡವಾದಾಗ ಎಮ್ಮೆಯ ತಟ್ಟೆ. ಸಿಟ್ಟಿನಲ್ಲಿ ನಾನು ಕಾಯಬಾರದೆಂದೇ ಇದ್ದೆ. ಆದರೆ ಕೆಳಗೆ ಬೆಂಕಿ ಇಟ್ಟರೆ ಯಾವ ಕಬ್ಬಿಣ ಹಟ ಹಿಡಿಯುತ್ತದೆ?

ಭಾನುವಾರ ಬೆಳಿಗ್ಗೆ ಖಾನಾವಳಿಗೆ ರಜೆ. ಮಾರ್ಸೆಲ್ ನನ್ನೊಳಗೆ ಶೇಂಗಾ ಎಣ್ಣೆ ಸುರಿದು ಮೈದಾ ಹಾಕಿದಳು. ಸಣ್ಣ ಉರಿ. ಮುಕ್ಕಾಲು ಗಂಟೆ ಸವುಟು ಆಡುತ್ತಲೇ ಇತ್ತು. ಹಿಟ್ಟು ಮೊದಲು ಗೋಧಿಯ ಬಣ್ಣಕ್ಕೆ ಬಂತು, ಆಮೇಲೆ ಬೆಲ್ಲದ ಬಣ್ಣಕ್ಕೆ, ಕೊನೆಗೆ ಕಾಫಿ ಬೀಜದ ಬಣ್ಣಕ್ಕೆ. ಒಂದು ಚಿಟಿಕೆಯೂ ಸುಡಲಿಲ್ಲ. ಹಪ್ಪಳದಂಥ ಬಾಣಲೆ ಗೋಡೆಗೆ ನೇತಾಡುತ್ತ ಎಲ್ಲವನ್ನೂ ನೋಡುತ್ತಿತ್ತು. ಚೆನ್ನಾಗಿ ನೋಡಲಿ.

ಈರುಳ್ಳಿ, ಡೊಣ್ಣ ಮೆಣಸಿನಕಾಯಿ ಬಿತ್ತು. ಅವರ ಊರಿನ ಒಂದು ಸೊಪ್ಪಿನ ದಂಟು ಇಲ್ಲಿ ಸಿಗುವುದಿಲ್ಲವೆಂದು ಕೊತ್ತಂಬರಿ ದಂಟು ಬಿತ್ತು. ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಪುಡಿ, ನೆನೆಸಿದ ಅಲಸಂದಿ, ಅಣಬೆ, ಕೊನೆಗೆ ಬೆಂಡೆಕಾಯಿ. ಬೆಂಡೆಯ ಲೋಳೆ ನನಗೆ ಮೊದಲಿನಿಂದಲೂ ಆಗದು. ಆದರೆ ಆ ಹುರಿದ ಹಿಟ್ಟಿನಲ್ಲಿ ಲೋಳೆ ಹೋಗಿ ಸಾರು ರೇಷ್ಮೆಯ ಹಾಗೆ ಮಂದವಾಯಿತು. ವಾಸನೆಗೆ ಕೊಟ್ಟಿಗೆಯ ಎಮ್ಮೆ ಹಗ್ಗ ಹರಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂತು. ಇದು ಮಾತ್ರ ಖರೆ.

ಮಾರ್ಸೆಲ್ ಅಜ್ಜಿಯ ಫೋಟೋ ತರುತ್ತೇನೆಂದು ಮೇಲೆ ಹೋದಳು. ನೀಲಗಂಗವ್ವ ಒಬ್ಬಳೇ ಉಳಿದಳು. ನನ್ನ ಮುಂದೆ ನಿಂತು ಸ್ವಲ್ಪ ಹೊತ್ತು ಸೆರಗಿನ ತುದಿ ತಿರುವಿದಳು. ಆಮೇಲೆ ನಾಗೊಂದಿಗೆಯ ಮೇಲಿದ್ದ ತುಪ್ಪದ ಡಬ್ಬಿ ಇಳಿಸಿದಳು.

ಬೇಡ ಅಂದೆ. ಗಂಟಲು ಹರಿಯುವ ಹಾಗೆ ಅಂದೆ. ಮೂವತ್ತು ವರ್ಷ ಜೊತೆಗಿದ್ದವಳಿಗೆ ನನ್ನ ಮಾತು ಕೇಳಲಿಲ್ಲ. ಒಂದು ಚಮಚ ತುಪ್ಪ ಸುರಿದು, ಸವುಟಿನಿಂದ ತಿರುವಿ, ಡಬ್ಬಿಯನ್ನು ಮೇಲಿಟ್ಟಳು. ಕಸ್ತೂರಿ ಬಾಗಿಲಲ್ಲಿ ನಿಂತು ನೋಡಿಬಿಟ್ಟಿದ್ದಳು.

"ಏನ್ ಮಾಡಿದ್ರಿ ಅತ್ತಿ? ಅಕಿ ತಿನ್ನಂಗಿಲ್ಲಲ್ಲ."

"ಸುಮ್ನಿರ. ತೀರಿಕೊಂಡಾಕಿ ಹೆಸರಿನ ಊಟಾ ಐತಿ. ತುಪ್ಪ ಇಲ್ಲದ ಎಡಿ ಹೆಂಗ ಇಡೂದು? ಒಂದು ಚಮಚಾ ಅಕಿಗೇನು ಗೊತ್ತಾಕ್ಕೈತಿ?"

ಮಾರ್ಸೆಲ್ ಫೋಟೋ ಹಿಡಿದು ಬಂದಳು. ಬೋಳು ತಲೆಗೆ ವಸ್ತ್ರ ಕಟ್ಟಿಕೊಂಡ ಮುದುಕಿ. ಕೈಯಲ್ಲಿ ಒಂದು ಸವುಟು.

"ಯಾವಾಗ ತೆಗಸಿದ್ದು?" ಎಂದು ನೀಲಗಂಗವ್ವ ಕೇಳಿದಳು.

"ನಾ ಇಲ್ಲಿಗೆ ಬರೂ ಹಿಂದಿನ ದಿನ. ನಾ ಕೋಳಿ, ಹಾಲು ಬಿಟ್ಟಾಗಿಂದ ಅಕಿ ನನ್ನ ಜೋಡಿ ಜಗಳಾನ ಮಾಡಿದಳು ಅವ್ವಾ. ಏಳು ವರ್ಷ. ಕೋಳಿ ಗಂಬೋ ಉಣದಾಕಿ ನನ್ನ ಮೊಮ್ಮಗಳಲ್ಲ ಅಂತಿದ್ದಳು. ಅವತ್ತು ಮಾತ್ರ ಅಕಿನ ಒಲಿ ಮುಂದ ನಿಂತು, ಕೋಳಿ, ಹಾಲು ಏನೂ ಹಾಕದ, ನನಗಂತ ಬ್ಯಾರೆ ಮಾಡಿದಳು. ಕ್ಯಾನ್ಸರ್ ಔಷಧಕ್ಕ ಕೂದಲೆಲ್ಲ ಉದುರಿತ್ತು. ಅದು ಒಂದ ಸಲ ಉಂಡಿದ್ದು."

ನೀಲಗಂಗವ್ವ ತಟ್ಟೆ ಹಿಡಿದವಳು ಹಿಡಿದೇ ಇದ್ದಳು. ಮಾರ್ಸೆಲ್ ಸವುಟಿಗೆ ಕೈ ಹಾಕಿದಾಗ ಅವಳ ಮಣಿಕಟ್ಟು ಹಿಡಿದಳು.

"ಉಣಬ್ಯಾಡವಾ. ನಾ ಅದರಾಗ ತುಪ್ಪ ಹಾಕೀನಿ."

ಮಾರ್ಸೆಲ್ ಸವುಟಿನಿಂದ ಕೈ ತೆಗೆದಳು. ಫೋಟೋವನ್ನು ಎದೆಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕುಳಿತಳು. ಬೈದಿದ್ದರೆ ನೀಲಗಂಗವ್ವ ತಡೆದುಕೊಳ್ಳುತ್ತಿದ್ದಳು. ಹಾಗೆ ಕುಳಿತದ್ದನ್ನು ತಡೆದುಕೊಳ್ಳಲಾಗಲಿಲ್ಲ. ಸಾರನ್ನೆಲ್ಲ ಬೇರೆ ಪಾತ್ರೆಗೆ ಸುರಿದು, ಕಸ್ತೂರಿಗೆ, "ಓಣಿಯವರಿಗೆ ಹಂಚಿ ಬಾ" ಅಂದಳು. ನನ್ನನ್ನು ಬಚ್ಚಲಿಗೆ ಎಳೆದೊಯ್ದಳು. ತುಪ್ಪದ ಜಿಡ್ಡು ಹೋಗಬೇಕು, ಈಗಲೇ ಹೋಗಬೇಕು. ನಾನಿನ್ನೂ ಕೆಂಡದ ಹಾಗೆ ಸುಡುತ್ತಿದ್ದೆ. ಹಂಡೆಯ ತಣ್ಣೀರನ್ನು ಒಂದು ಕೊಡ ಮೈಮೇಲೆ ಸುರಿದಳು.

ಟಣ್ ಅಂದೆ. ಅಂಚಿನಿಂದ ಕೆಳಕ್ಕೆ ಒಂದು ಗೇಣು ಬಿರುಕು.

ಬಿಸಿ ಬೀಡಿಗೆ ತಣ್ಣೀರು ಹಾಕಬಾರದೆಂದು ಖಾನಾವಳಿಯ ಕೆಲಸಕ್ಕೆ ಬಂದ ಪ್ರತಿ ಹೆಂಗಸಿಗೂ ಕಲಿಸಿದವಳು ಇವಳೇ. ಎಷ್ಟು ಸಿಟ್ಟು ಬಂತೆಂದರೆ, ಕಾಲಿದ್ದಿದ್ದರೆ ಆಗಲೇ ನಡೆದು ಹುಬ್ಬಳ್ಳಿಗೆ ಹೋಗುತ್ತಿದ್ದೆ. ಅವಳು ಬಿರುಕಿನ ಮೇಲೆ ಬೆರಳಾಡಿಸಿದಳು. ಹನಿ ಕಣ್ಣೀರು ನನ್ನ ತಳದ ನೀರಿಗೆ ಬಿದ್ದು ಟಪ್ ಅಂದಿತು. ಒರೆಸಿ, ಹೊತ್ತು ತಂದು, ಮತ್ತೆ ಒಲೆಯ ಮೇಲಿಟ್ಟಳು.

"ಬಿರುಕಿನ ಕೆಳಗ ಎಷ್ಟು ಹಿಡಿತೈತಿ, ಅಷ್ಟ ಮಾಡೂಣು. ಏಳ ಮಗಳ. ನೀ ಹೇಳು, ನಾ ತಿರುವತೀನಿ."

ಮುಕ್ಕಾಲು ಗಂಟೆ ಅವಳೇ ತಿರುವಿದಳು. ಅರವತ್ತೆಂಟರ ತೋಳು ನೋಯುವುದು ಸವುಟಿನಲ್ಲೇ ನನಗೆ ತಿಳಿಯುತ್ತಿತ್ತು. ಕಸ್ತೂರಿ, "ಕೊಡ್ರಿ ಅತ್ತಿ" ಅಂದರೂ ಕೊಡಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಎರಡು ತಟ್ಟೆಗಾಗುವಷ್ಟು ಗಂಬೋ ಆಯಿತು. ಒಂದು ಹನಿ ಸೋರಲಿಲ್ಲ. ಹಲ್ಲು ಕಚ್ಚಿ ತಡೆದೆ.

ಫೋಟೋದ ಮುಂದೆ ಒಂದು ತುತ್ತು ಇಟ್ಟು ಮಾರ್ಸೆಲ್ ಉಂಡಳು. ಎರಡನೆಯ ತಟ್ಟೆಯನ್ನು ನೀಲಗಂಗವ್ವನ ಕಡೆ ಸರಿಸಿದಳು. ಹುಟ್ಟಿದಾಗಿನಿಂದ ತುಪ್ಪವಿಲ್ಲದೆ ಅನ್ನ ಕಲಸದ ಹೆಂಗಸು ಆ ತಟ್ಟೆಯನ್ನು ಬೆರಳು ನೆಕ್ಕಿ ಮುಗಿಸಿದಳು.

"ಹೆಂಗೈತಿ ಅವ್ವಾ?"

"ಖರೆ ಹೇಳಲೇನು? ತುಪ್ಪ ಇದ್ದಿದ್ರ ಇನ್ನೂ ಚಲೋ ಆಕ್ಕಿತ್ತು."

ಮಾರ್ಸೆಲ್ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಕೊನೆಗೆ ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದಾಯಿತು. "ನಮ್ಮ ಅಜ್ಜಿನೂ ಹಿಂಗ ಅಂದಿದ್ಲು," ಅಂದಳು. "ಅವತ್ತು ನನ್ನ ಜೋಡಿ ಪೂರಾ ಉಂಡು, ಕೋಳಿ ಇದ್ದಿದ್ರ ಇನ್ನೂ ಚಲೋ ಆಕ್ಕಿತ್ತು ಅಂದ್ಲು."

ಅದು ನನ್ನ ಕೊನೆಯ ಅಡುಗೆ. ಮಾರ್ಸೆಲ್ ಓದು ಮುಗಿಸಿ ಊರಿಗೆ ಹೋದಳು. ನನ್ನನ್ನು ಗುಜರಿಗೆ ಹಾಕಲು ನೀಲಗಂಗವ್ವ ಬಿಡಲಿಲ್ಲ. ಈಗ ಅಡುಗೆಮನೆಯ ಮೂಲೆಯಲ್ಲಿ ಬೆಳ್ಳುಳ್ಳಿ ತುಂಬಿಕೊಂಡು ಕೂತಿದ್ದೇನೆ. ಇದೂ ಒಂದು ಬಾಳೇ ಎಂದು ದಿನಕ್ಕೆ ಹತ್ತು ಸಲ ಸಿಟ್ಟಾಗುತ್ತೇನೆ. ಒಡೆದ ಪಾತ್ರೆ ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಬಂದವರೆಲ್ಲ ಬುದ್ಧಿ ಹೇಳುತ್ತಾರೆ. ಕಡಾಯಿ ಕಚ್ಚಾ ಇತ್ತೇನು ಎಂದು ಕೇಳುವವರೂ ಇದ್ದಾರೆ. ಆಗ ನೀಲಗಂಗವ್ವ ಕೈಯಲ್ಲಿನ ಕೆಲಸ ನಿಲ್ಲಿಸುತ್ತಾಳೆ.

"ಅದರ ತಪ್ಪಲ್ಲ. ನಾನ ಅವಸರಾ ಮಾಡಿದೆ" ಅನ್ನುತ್ತಾಳೆ.

ಅವಳು ಅದನ್ನು ಹೇಳಿ ಮುಗಿಸುವ ತನಕ ಮಾತ್ರ ನಾನು ಸಿಟ್ಟನ್ನು ಬದಿಗಿಟ್ಟು ಕೇಳುತ್ತೇನೆ.